ಬಣ್ಣ ಆಮೇಲೆ, ಮೊದಲು ನೀರಿನ ದಾರಿ ಹುಡುಕಿ: ಥಂಡಿ ಹಿಡಿದ ಸೆಲ್ಲಾರ್ ರಿಪೇರಿ

ನವರಾತ್ರಿಗೆ ಇನ್ನು ನಾಲ್ಕು ದಿನ ಇತ್ತು. ಗೊಂಬೆ ಪೆಟ್ಟಿಗೆ ತರಲು ಸೆಲ್ಲಾರ್‌ಗೆ ಇಳಿದೆ. ರಟ್ಟಿನ ಪೆಟ್ಟಿಗೆ ಎತ್ತಿದರೆ ಅದರ ತಳ ನೆಲದಲ್ಲೇ ಉಳಿಯಿತು. ಶೆಟ್ಟಿ ಗೊಂಬೆಗೆ ಸುತ್ತಿದ್ದ ಹಳೇ ಪೇಪರು ಒದ್ದೆಯಾಗಿ ಅಂಟಿಕೊಂಡು, ಅದರ ಅಕ್ಷರ ಶೆಟ್ಟರ ಕೆನ್ನೆ ಮೇಲೆ ಅಚ್ಚಾಗಿತ್ತು. ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. "ಪೇಂಟ್ ಹೊಡೆಸಿ ಎರಡು ವರ್ಷ ಆಗಿಲ್ಲ, ಅಲ್ವಾ?" ಎಂದು ಅಮ್ಮ ಮೇಲಿನಿಂದಲೇ ಕೇಳಿದರು.

ಆಗಿರಲಿಲ್ಲ. ಏಳು ವರ್ಷದ ಗ್ಯಾರಂಟಿ ಕಾರ್ಡೂ ಇತ್ತು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ, ಮಣ್ಣಿನ ಕಡೆಯಿಂದ ಒತ್ತಿ ಬರುವ ನೀರಿಗೆ ಈ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿತ್ತು. ಸೆಲ್ಲಾರ್‌ಗೆ ಬರುವುದೇ ಆ ನೀರು!

ನಮ್ಮ ಮನೆ ಇರುವುದು ಬೆಂಗಳೂರಿನ ದಕ್ಷಿಣಕ್ಕೆ, ವೃಷಭಾವತಿ ಕಣಿವೆಯ ಕಡೆಗೆ ಇಳಿಯುವ ಬಡಾವಣೆಯಲ್ಲಿ. ಸೈಟು ಇಳಿಜಾರು. ಹಾಗಾಗಿ ಮುಂದೆ ರಸ್ತೆ ಮಟ್ಟಕ್ಕೆ ತೆರೆದ, ಮೂರು ಕಡೆ ಮಣ್ಣಿನಲ್ಲಿ ಹೂತ ಒಂದು ಕೋಣೆ ಮನೆಯ ಕೆಳಗೆ ಬಂತು. ಇಂಥ ಸೆಲ್ಲಾರ್ ಊರಿನ ತುಂಬ ಇದೆ. ಅದನ್ನು ಸರಿ ಮಾಡಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಆರು ತಿಂಗಳು ತಪ್ಪು ಕೆಲಸ ಮಾಡಿದ್ದಕ್ಕೇ ಹೋಯಿತು. ನಿಮಗೆ ಆ ಆರು ತಿಂಗಳಾದರೂ ಉಳಿಯಲಿ.

ಶುರುವಿಗೆ ಒಂದು ಮಾತು. ಮೇಸ್ತ್ರಿ ಹತ್ತಿರ "ಬೇಸ್ಮೆಂಟ್ ರಿಪೇರಿ" ಅನ್ನಬೇಡಿ. ಅವರ ಬಾಯಲ್ಲಿ ಬೇಸ್ಮೆಂಟ್ ಎಂದರೆ ಪಾಯದ ಮೇಲೆ ಮನೆಯ ನೆಲದ ಮಟ್ಟಕ್ಕೆ ಏರಿಸುವ ಕಟ್ಟೆ. ಸೆಲ್ಲಾರ್ ಅನ್ನಿ. ಇಲ್ಲದಿದ್ದರೆ ಕೊಟೇಶನ್ನೇ ಬೇರೆ ಬರುತ್ತದೆ.

ಒಂದು ಮಳೆಗಾಲ ಸುಮ್ನೆ ನೋಡಿ

ಇದು ಯಾರಿಗೂ ಇಷ್ಟವಾಗದ ಹಂತ. ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಜೂಜು. ಸೆಲ್ಲಾರ್‌ನ ಸಾಮಾನೆಲ್ಲ ಮೇಲೆ ತನ್ನಿ. ಸೀಮೆಸುಣ್ಣ ಅಥವಾ ಪೆನ್ಸಿಲ್ ತೆಗೆದುಕೊಂಡು ಗೋಡೆಯ ಒದ್ದೆ ಕಲೆಯ ಸುತ್ತ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಬಂದ ದಿನ, ಬಾರದ ದಿನ, ಎರಡೂ. ಹಳೇ ಕ್ಯಾಲೆಂಡರ್ ಮೇಲೆ ಮಳೆ ಬಂದ ದಿನಕ್ಕೆ ಒಂದು ಗುರುತು ಹಾಕಿ. ಬೆಂಗಳೂರಿನಲ್ಲಿ ಜಾಸ್ತಿ ಮಳೆ ಸುರಿಯುವುದು ಜೂನ್-ಜುಲೈನಲ್ಲಲ್ಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ತಪ್ಪಿಸಬೇಡಿ.

ಕಲೆ ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಮಳೆ ಶುರುವಾದ ಒಂದೆರಡು ಗಂಟೆಯಲ್ಲೇ ಒಂದೇ ಜಾಗದಲ್ಲಿ ಒದ್ದೆ ಕಂಡರೆ, ನೀರಿಗೆ ನೇರ ದಾರಿ ಸಿಕ್ಕಿದೆ ಎಂದರ್ಥ. ಹೊರಗೆ ಒಡೆದ ಮಳೆ ಪೈಪು, ಗೋಡೆಯ ಬಿರುಕು, ಅಂಗಳದ ಕಾಂಕ್ರೀಟಿಗೂ ಗೋಡೆಗೂ ನಡುವೆ ಬಿಟ್ಟ ಸಂದು, ಇವುಗಳಲ್ಲಿ ಒಂದು. ಜೋರು ಮಳೆಯಾಗಿ ಎರಡು ಮೂರು ದಿನದ ಮೇಲೆ ಒದ್ದೆ ಕಾಣಿಸಿ, ವಾರಗಟ್ಟಲೆ ಹಾಗೇ ಇದ್ದರೆ ಸುತ್ತಲ ಮಣ್ಣು ನೀರು ಕುಡಿದು ನಿಂತಿದೆ. ಗೋಡೆಯ ಉದ್ದಕ್ಕೂ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಒಂದೇ ಸಮನೆ ಪಟ್ಟಿ ಇದ್ದು, ಅದರ ಮೇಲಂಚಿನಲ್ಲಿ ಬಿಳಿ ಹಿಟ್ಟಿನಂಥ ಉಪ್ಪು ಕಟ್ಟಿದ್ದರೆ, ಗೋಡೆ ದೀಪದ ಬತ್ತಿಯ ಹಾಗೆ ನೆಲದ ನೀರನ್ನು ಹೀರುತ್ತಿದೆ. ಮಾರ್ಚ್ ತಿಂಗಳ ಸುಡು ಬಿಸಿಲಿನಲ್ಲೂ ಕಲೆ ಆರದಿದ್ದರೆ ಮಳೆಯನ್ನು ಬಯ್ಯಬೇಡಿ. ಅದು ನಿಮ್ಮದೇ ಮನೆಯ ಸಂಪು, ಪೈಪು ಅಥವಾ ಒಳಚರಂಡಿ ಚೇಂಬರಿನ ನೀರು.

ಇನ್ನೊಂದು ಕಳ್ಳ ಇದೆ. ಗಾಳಿ. ಮಳೆಗಾಲದ ಹಸಿ ಗಾಳಿ ತಣ್ಣನೆಯ ಗೋಡೆಗೆ ತಗುಲಿದರೆ ಅಲ್ಲೇ ಬೆವರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ. ಕರಾವಳಿಯವರಿಗೆ ಇದು ಹೊಸದಲ್ಲ. ಹೊರಗಿನಿಂದ ಒಂದು ಹನಿ ಒಸರದಿದ್ದರೂ ಗೋಡೆ ಒದ್ದೆ ಇರುತ್ತದೆ.

ಒಸರುವುದಾ, ಬೆವರುವುದಾ ಎಂದು ತಿಳಿಯಲು ಐದು ರೂಪಾಯಿಯ ಪರೀಕ್ಷೆ ಸಾಕು. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಅಂಟಿಸುವ ಜಾಗವನ್ನು ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಒತ್ತಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಿಮ್ಮ ಕಡೆಯ ಮೈಯಲ್ಲಿ ಹನಿ ಇದ್ದರೆ ಅದು ಗಾಳಿಯ ಬೆವರು. ಎರಡೂ ಕಡೆ ಇದ್ದರೆ ಎರಡೂ ಕಾಯಿಲೆ. ಇದನ್ನು ನೆಲದಲ್ಲೂ ಮಾಡಿ. ಗೋಡೆಯಲ್ಲೂ ಒಂದೇ ಕಡೆ ಮಾಡಿ ಮುಗಿಸಬೇಡಿ.

ಸಂಪಿನ ಪರೀಕ್ಷೆಗೆ ಖರ್ಚೇ ಇಲ್ಲ. ರಾತ್ರಿ ಸಂಪು ತುಂಬಿಸಿ, ಒಳಗೆ ಬರುವ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ. ನೀರಿನ ಮಟ್ಟಕ್ಕೆ ಗುರುತು ಹಾಕಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ. ಆ ಒಂದು ದಿನ ಮನೆಯವರಿಗೆ ಮೊದಲೇ ಹೇಳಿರಿ. ನಾನು ಹೇಳದೆ ಬೈಸಿಕೊಂಡೆ. ಹಾಗೆಯೇ ಸಂಪಿನ ವಾಲ್ವ್ ಮತ್ತು ಎಲ್ಲ ನಲ್ಲಿ ಮುಚ್ಚಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಮೀಟರ್‌ನಿಂದ ಒಳಗೆ ಬರುವ ಪೈಪು ಮಣ್ಣಿನೊಳಗೆ ಎಲ್ಲೋ ಒಡೆದಿದೆ. ಒದ್ದೆಗೆ ಕೊಳಕು ವಾಸನೆ ಇದ್ದರೆ ಮೇಲಿನ ಟಾಯ್ಲೆಟ್‌ಗೆ ಬಣ್ಣದ ನೀರು ಸುರಿದು, ಅದು ಕೆಳಗೆ ಕಾಣಿಸುತ್ತದಾ ನೋಡಿ.

ನಮ್ಮಲ್ಲಿ ಸಿಕ್ಕಿದ್ದು ಎರಡು. ಒಂದು, ತಾರಸಿಯ ಮಳೆ ಪೈಪು ಹಿಂದಿನ ಗೋಡೆಯ ಬುಡದಲ್ಲಿ ಮಣ್ಣಿನೊಳಗೆ ಹೋಗಿ, ಅಲ್ಲೇ ಬೆಂಡ್ ಕಳಚಿಕೊಂಡಿತ್ತು. ಎರಡನೆಯದು ನನ್ನದೇ ಘನಕಾರ್ಯ. ಬೆಂಗಳೂರಿನಲ್ಲಿ 2009ರಿಂದ ಮಳೆ ನೀರು ಸಂಗ್ರಹ ಕಡ್ಡಾಯ ಎಂಬ ನಿಯಮ ಇದೆ. ಒಳ್ಳೆಯ ನಿಯಮ. ನಾನು ಮಾಡಿದ್ದೇನು? ಜಾಗ ಸಿಕ್ಕ ಕಡೆ, ಅಂದರೆ ಸೆಲ್ಲಾರ್‌ನ ಹಿಂದಿನ ಗೋಡೆಯಿಂದ ನಾಲ್ಕೇ ಅಡಿ ದೂರದಲ್ಲಿ ಇಂಗು ಗುಂಡಿ ತೋಡಿಸಿದೆ. ಇಂಗಿದ ನೀರು ಪಾತಾಳಕ್ಕೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ನೇರ ನನ್ನ ಗೊಂಬೆ ಪೆಟ್ಟಿಗೆಗೆ ಹೋಗುತ್ತಿತ್ತು.

ಸಾವಿರ ಚದರ ಅಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಒಂದು ಸಣ್ಣ ಟ್ಯಾಂಕರ್. ಒಂದು ಸಂಜೆಯಲ್ಲಿ ಒಂದು ಟ್ಯಾಂಕರ್ ನೀರನ್ನು ಸೆಲ್ಲಾರ್ ಗೋಡೆಯ ಬೆನ್ನಿಗೆ ಸುರಿದ ಮೇಲೆ ಒಳಗಿನ ಪೇಂಟು ಏನು ಮಾಡೀತು?

ಕೆಲಸ ಹೊರಗಿನಿಂದ ಶುರು

ಹೊರಗಿನ ಕೆಲಸ ಅಗ್ಗ, ಒಳಗಿನದು ದುಬಾರಿ. ಆದರೂ ಎಲ್ಲರೂ ಒಳಗಿನಿಂದಲೇ ಶುರು ಮಾಡುತ್ತಾರೆ. ಯಾಕೆಂದರೆ ಕಲೆ ಕಾಣುವುದು ಒಳಗೆ.

ಮೊದಲು ತಾರಸಿ ಪೈಪುಗಳು. ಅವುಗಳ ಬಾಯಿ ಗೋಡೆಯ ಬುಡದಲ್ಲಿ ತೆರೆಯಬಾರದು. ಪೈಪಿನ ನೀರನ್ನು ಮುಚ್ಚಿದ ಪೈಪಿನಲ್ಲೇ ದೂರ ಒಯ್ದು ಸಂಪಿಗೆ, ಮಳೆನೀರಿನ ತೊಟ್ಟಿಗೆ ಅಥವಾ ರಸ್ತೆ ಬದಿಯ ಮಳೆ ಚರಂಡಿಗೆ ಬಿಡಿ. ಒಳಚರಂಡಿಗೆ ಬಿಡಬೇಡಿ. ಅದಕ್ಕೆ ಅನುಮತಿ ಇಲ್ಲ. ಜೋರು ಮಳೆಗೆ ಅದೇ ಚರಂಡಿ ತುಂಬಿ ನಿಮ್ಮ ಚೇಂಬರಿನಲ್ಲೇ ಉಕ್ಕುತ್ತದೆ. ಇಂಗು ಗುಂಡಿ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ ಇರಲಿ, ಇಳಿಜಾರಿನ ಕೆಳಗಿನ ಕಡೆಗೆ ಇರಲಿ. ಸೆಲ್ಲಾರ್ ಇರುವ ಚಿಕ್ಕ ಸೈಟಿನಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಆಗ ಇಂಗಿಸುವುದಕ್ಕಿಂತ ಸೋಸಿ ಸಂಪಿಗೆ ತುಂಬಿಸಿಕೊಳ್ಳುವುದು ಜಾಣತನ. ನಾನು ಗುಂಡಿ ಮುಚ್ಚಿಸಿ ಹಾಗೇ ಮಾಡಿದೆ.

ಆಮೇಲೆ ಅಂಗಳದ ಇಳಿಜಾರು. ಗೋಡೆಯಿಂದ ಆಚೆಗೆ ಹತ್ತು ಅಡಿಗೆ ಆರು ಇಂಚು ಇಳಿಯಬೇಕು. ಅಷ್ಟು ಜಾಗ ಇಲ್ಲದಿದ್ದರೆ ಇದ್ದ ಮೂರು ಅಡಿಯಲ್ಲಿ ಎರಡು ಇಂಚಾದರೂ ಇಳಿಸಿ, ಕಾಂಪೌಂಡ್ ಪಕ್ಕ ಒಂದು ಚಿಕ್ಕ ಕಾಲುವೆ ತೆಗೆಸಿ. ಒಂದು ಬಕೆಟ್ ನೀರು ಗೋಡೆಯ ಬುಡಕ್ಕೆ ಸುರಿದು ಅದು ಯಾವ ಕಡೆ ಓಡುತ್ತದೆ ನೋಡಿ. ಲೆವೆಲ್ ಪೈಪಿಗಿಂತ ಬಕೆಟ್ ಸತ್ಯ ಹೇಳುತ್ತದೆ. ಅಂಗಳದ ಕಾಂಕ್ರೀಟ್ ಗೋಡೆಗೆ ಸೇರುವ ಕಡೆ ಬಿಟ್ಟ ಸಂದನ್ನು ಸಿಮೆಂಟ್‌ನಲ್ಲಿ ಮುಚ್ಚಬೇಡಿ. ಆರು ತಿಂಗಳಲ್ಲಿ ಮತ್ತೆ ಬಿಡುತ್ತದೆ. ಸಂದನ್ನು ಕೆತ್ತಿ, ಧೂಳು ಊದಿ, ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿಸಿ.

ಗೋಡೆಗೆ ಒತ್ತಿಕೊಂಡ ಹೂಕುಂಡದ ಕಟ್ಟೆ ಇದ್ದರೆ ಒಡೆಸಿ. ಅಮ್ಮನ ಮಲ್ಲಿಗೆ ಬಳ್ಳಿ ಅದೇ ಕಟ್ಟೆಯಲ್ಲಿತ್ತು. ಅದನ್ನು ಬೇರೆ ಕಡೆ ನೆಡುವ ಮಾತುಕತೆಗೆ ಮೇಸ್ತ್ರಿ ಕೆಲಸಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಇಷ್ಟು ಮಾಡಿ ಇನ್ನೊಂದೆರಡು ಜೋರು ಮಳೆ ನೋಡಿ. ನಮ್ಮಲ್ಲಿ ಮುಕ್ಕಾಲು ಪಾಲು ಒದ್ದೆ ಇಲ್ಲಿಗೇ ನಿಂತಿತು. ನಿಮ್ಮಲ್ಲಿ ಪೂರ್ತಿ ನಿಂತರೆ ಮುಂದಿನದರಲ್ಲಿ ಗೋಡೆ ಒಣಗಿಸುವುದು ಮಾತ್ರ ಓದಿ ಸಾಕು.

ಹೊರಗೆ ಅಗೆಯಬೇಕಾ?

ನಿಜವಾದ ಮದ್ದು ಎಂದರೆ ಗೋಡೆಯ ಹೊರಮೈಯನ್ನು ಬುಡದವರೆಗೆ ಬಿಡಿಸಿ, ವಾಟರ್‌ಪ್ರೂಫಿಂಗ್ ಬಳಿದು, ಬುಡದಲ್ಲಿ ತೂತಿನ ಪೈಪು ಮತ್ತು ಜಲ್ಲಿ ಹಾಕಿ ನೀರು ಹರಿದು ಹೋಗುವಂತೆ ಮಾಡುವುದು. ಯಾಕೆಂದರೆ ಹೊರಗಿನಿಂದ ಬಳಿದ ಪದರವನ್ನು ನೀರು ಗೋಡೆಗೇ ಒತ್ತುತ್ತದೆ. ಒಳಗಿನಿಂದ ಬಳಿದ ಪದರವನ್ನು ನೀರು ಗೋಡೆಯಿಂದ ಕಿತ್ತು ತಳ್ಳುತ್ತದೆ. ಗೋಡೆಯ ಹಿಂದೆ ಆರು ಅಡಿ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಅಡಿಗೆ ಸುಮಾರು 170 ಕೆಜಿ ಒತ್ತಡ. ಪೇಂಟು ಹಪ್ಪಳದ ಹಾಗೆ ಏಳುವುದು ಸಹಜ ಅಲ್ವಾ?

ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಪಕ್ಕದ ಮನೆಗೂ ನಮಗೂ ಮೂರು ಅಡಿ ಸಂದು. ಅಲ್ಲಿ ಏಳೆಂಟು ಅಡಿ ಆಳ ಅಗೆಯುವುದು ಆಟವಲ್ಲ. ಅಗೆದ ಮಣ್ಣು ಕುಸಿದರೆ ಒಳಗಿದ್ದ ಕೆಲಸದವರ ಗತಿ ಏನು? ಪಕ್ಕದವರ ಪಾಯದ ಮಣ್ಣೂ ಸರಿದೀತು. ಎದೆಮಟ್ಟಕ್ಕಿಂತ ಆಳ ಅಗೆಯುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಬದಿಗೆ ಹಲಗೆ, ಆಸರೆ ಇರಬೇಕು. ಒಮ್ಮೆಗೆ ನಾಲ್ಕೈದು ಅಡಿ ಉದ್ದ ಮಾತ್ರ ಅಗೆದು, ಮುಗಿಸಿ, ತುಂಬಿ, ಆಮೇಲೆ ಮುಂದಕ್ಕೆ ಹೋಗಬೇಕು. ಪಾಯದ ತಳಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ಮಳೆಗಾಲದಲ್ಲಿ ಈ ಕೆಲಸವೇ ಬೇಡ. ಜಾಗ ಇದ್ದವರು ಮಾಡಿಸಿ. ನಮ್ಮಂಥವರು ಒಳಗಿನಿಂದಲೇ ಸಂಭಾಳಿಸಬೇಕು.

ಒಳಗೆ ಮೊದಲ ಕೆಲಸ ಕೀಳುವುದು, ಬಳಿಯುವುದಲ್ಲ

ಕೆಲಸಕ್ಕೆ ಒಳ್ಳೆಯ ಸಮಯ ಜನವರಿಯಿಂದ ಏಪ್ರಿಲ್. ಗೋಡೆ ತಾನಾಗಿ ಒಣಗುವ ಕಾಲ.

ಬೂಷ್ಟು ಇದ್ದರೆ ಅದನ್ನು ಒಣಗಿದ್ದಾಗ ಪೊರಕೆಯಲ್ಲಿ ಗುಡಿಸಬೇಡಿ. ಪುಡಿ ಮನೆಯೆಲ್ಲ ಹಾರುತ್ತದೆ. ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಲೀಚಿಂಗ್ ನೀರನ್ನೂ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಬಳಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ವಿಷ ಅನಿಲ ಏಳುತ್ತದೆ. ಗಾಳಿಯಾಡದ ಸೆಲ್ಲಾರ್‌ನಲ್ಲಿ ಅದು ಜೀವಕ್ಕೇ ಅಪಾಯ.

ಉಬ್ಬಿದ ಗಾರೆಯನ್ನು ಒದ್ದೆ ಗೆರೆಯಿಂದ ಒಂದೂವರೆ ಅಡಿ ಮೇಲಿನವರೆಗೂ ಕೆತ್ತಿಸಿ. ಉಳಿಯಿಂದ ತಟ್ಟಿದಾಗ ಡಬ್ಬದ ಸದ್ದು ಬರುವ ಜಾಗವೆಲ್ಲ ಹೋಗಬೇಕು. "ಇದು ಗಟ್ಟಿ ಇದೆ ಸಾರ್, ಬಿಡೋಣ" ಅಂದರೆ ಒಪ್ಪಬೇಡಿ. ಹಳೇ ಗಾರೆಯ ತುಂಬ ಉಪ್ಪು ಇರುತ್ತದೆ. ಅದು ಗಾಳಿಯ ತೇವವನ್ನೂ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಸೈಜುಗಲ್ಲಿನ ಗೋಡೆಯಾದರೆ ಕಲ್ಲಿನ ನಡುವಿನ ಸಂದನ್ನು ಒಂದು ಇಂಚು ಆಳಕ್ಕೆ ಕೆರೆಸಿ. ಬಿಳಿ ಉಪ್ಪನ್ನು ಗಟ್ಟಿ ಬ್ರಷ್‌ನಲ್ಲಿ ಒಣದಾಗಿಯೇ ಉಜ್ಜಿ, ಕೆಳಗೆ ಹಾಸಿದ ಗೋಣಿಚೀಲದಲ್ಲಿ ಹಿಡಿದು ಹೊರಗೆ ಹಾಕಿ. ನೀರು ಹೊಡೆದು ತೊಳೆದರೆ ಉಪ್ಪು ಕರಗಿ ಗೋಡೆಯೊಳಗೇ ವಾಪಸ್ ಹೋಗುತ್ತದೆ.

ಇನ್ನು ಕಾಯಬೇಕು. ಒಂದು ಇಂಚು ದಪ್ಪದ ಗೋಡೆ ಒಣಗಲು ಸುಮಾರು ಒಂದು ತಿಂಗಳು ಎಂಬುದು ಕೆಲಸ ಗೊತ್ತಿದ್ದವರ ಅಂದಾಜು. ಹದಿನೆಂಟು ಇಂಚಿನ ಕಲ್ಲಿನ ಗೋಡೆಗೆ ಅಷ್ಟು ಕಾಯಲು ಯಾರಿಗೂ ಆಗುವುದಿಲ್ಲ. ಎರಡು ಮೂರು ತಿಂಗಳಾದರೂ ಫ್ಯಾನ್ ಹಾಕಿ ಬಿಡಿ. ನಾನು ಹತ್ತು ದಿನಕ್ಕೇ ಗಾರೆ ಬಳಿಸಿ ಕೆಟ್ಟೆ. ಮೇಲೆ ಹೇಳಿದ ಆರು ತಿಂಗಳ ತಪ್ಪು ಇದೇ.

ಈಗ ಒಸರುವ ತೂತುಗಳು. ನೀರು ಜಿನುಗುತ್ತಲೇ ಇರುವ ಬಿರುಕಿಗೆ ಮಾಮೂಲಿ ಸಿಮೆಂಟ್ ನಿಲ್ಲುವುದಿಲ್ಲ. ಐದು ನಿಮಿಷದೊಳಗೆ ಗಟ್ಟಿಯಾಗುವ ಪ್ಲಗ್ ಸಿಮೆಂಟ್ ಸಿಗುತ್ತದೆ. ಬಿರುಕನ್ನು ಒಳಗೆ ಅಗಲ ಇರುವಂತೆ ಕೆತ್ತಿ, ಉಂಡೆ ಮಾಡಿ ಒತ್ತಿ ಹಿಡಿದುಕೊಳ್ಳಬೇಕು. ಚಪಾತಿ ಹಿಟ್ಟಿನ ಹದ ಬಂದಾಗ ಒತ್ತಿ. ತಡವಾದರೆ ಕೈಯಲ್ಲೇ ಕಲ್ಲು. ಗೋಡೆಯೇ ಅಲ್ಲಲ್ಲಿ ಪೊಳ್ಳಾಗಿದ್ದರೆ ಗ್ರೌಟಿಂಗ್ ಬೇಕು. ಒಂದೊಂದು ಅಡಿಗೆ ಓರೆಯಾಗಿ ತೂತು ಕೊರೆದು, ನಾಜಲ್ ಕೂರಿಸಿ, ಕುಗ್ಗದ ಸಿಮೆಂಟ್ ಹಾಲನ್ನು ಪಂಪಿನಲ್ಲಿ ತುಂಬುತ್ತಾರೆ. ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಹರಿಯುವ ನೀರಿದ್ದರೆ ಪಾಲಿಯುರೆಥೇನ್ ತುಂಬುತ್ತಾರೆ. ಅದು ನೀರು ತಾಗಿದ ಕೂಡಲೇ ಉಬ್ಬಿ ಸಂದು ಮುಚ್ಚುತ್ತದೆ. ಇದು ಮೇಸ್ತ್ರಿ ಕೆಲಸವಲ್ಲ, ಇದನ್ನೇ ಮಾಡುವವರನ್ನು ಕರೆಯಿರಿ.

ಬಳಿಯುವ ವಸ್ತುವಿನ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. "ಕ್ರಿಸ್ಟಲೈನ್" ಎಂದು ಮಾರುವ ಪುಡಿ ಒಳ್ಳೆಯದೇ. ಕಾಂಕ್ರೀಟಿನೊಳಗಿನ ಸುಣ್ಣದ ಜೊತೆ ಸೇರಿ ಹರಳು ಕಟ್ಟಿ ಸಣ್ಣ ತೂತು ಮುಚ್ಚುತ್ತದೆ. ಆದರೆ ಗೋಡೆ ಕಾಂಕ್ರೀಟ್ ಆಗಿರಬೇಕು. ಇಟ್ಟಿಗೆಗೂ ಸೈಜುಗಲ್ಲಿಗೂ ಅದನ್ನು ಬಳಿದರೆ ದುಡ್ಡು ದಂಡ. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಸಿಮೆಂಟ್ ಮತ್ತು ಪಾಲಿಮರ್ ಕಲಸಿದ ಕೋಟಿಂಗ್ ಎರಡು ಸಲ, ಒಮ್ಮೆ ಅಡ್ಡ, ಒಮ್ಮೆ ಉದ್ದ. ಗೋಡೆ ಮತ್ತು ನೆಲ ಕೂಡುವ ಮೂಲೆಯನ್ನು ಮೊದಲು ಗಾರೆಯಿಂದ ಗುಂಡಗೆ ಮಾಡಿಸಿ, ಆಮೇಲೆ ಬಳಿಯಿಸಿ. ಚೂಪು ಮೂಲೆಯಲ್ಲೇ ಕೋಟಿಂಗ್ ಮೊದಲು ಬಿರಿಯುವುದು.

ಹಳೇ ಕಲ್ಲಿನ ಗೋಡೆಗೆ ನನ್ನ ಓಟು ಸುಣ್ಣದ ಗಾರೆಗೆ. ಸಿಮೆಂಟ್ ಗಾರೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಆಗ ಅದು ಇನ್ನೂ ಮೇಲಕ್ಕೆ ಹತ್ತುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಮೇಲೆ ಸುಣ್ಣವನ್ನೇ ಬಳಿದರೆ ವರ್ಷಕ್ಕೊಮ್ಮೆ ಗೌರಿ ಹಬ್ಬದ ಮುಂಚೆ ಇನ್ನೊಂದು ಕೈ ಬಳಿದು ಮುಗಿಸಬಹುದು. ಪುಟ್ಟಿ ಬೇಡ, ಹೊಳೆಯುವ ಪೇಂಟ್ ಬೇಡ, ವಾಲ್‌ಪೇಪರ್ ಅಂತೂ ಬೇಡವೇ ಬೇಡ. ಕಲೆ ಮುಚ್ಚಲು ಜಿಪ್ಸಮ್ ಬೋರ್ಡ್ ಹೊಡೆಸುವವರನ್ನು ನೋಡಿದ್ದೇನೆ. ಗೋಡೆ ಕಾಣುವುದಿಲ್ಲ, ಬೂಷ್ಟಿಗೆ ಮಾತ್ರ ಬೆಚ್ಚಗಿನ ಮನೆಯಾಗುತ್ತದೆ.

ಉಳಿದ ನೀರಿಗೆ ದಾರಿ ಕೊಡಿ

ಇಷ್ಟಾದರೂ ಸೆಪ್ಟೆಂಬರ್‌ನಲ್ಲಿ ನೆಲದಡಿಯಿಂದ ಸ್ವಲ್ಪ ನೀರು ಬರುತ್ತದೆ ಎನ್ನುವುದಾದರೆ, ಅದರ ಜೊತೆ ಗುದ್ದಾಡಬೇಡಿ. ದಾರಿ ಮಾಡಿ ಕೊಡಿ.

ಒಳಗೆ ಗೋಡೆಯ ಪಕ್ಕದಲ್ಲಿ ಆರು ಇಂಚು ಅಗಲ, ಆರರಿಂದ ಎಂಟು ಇಂಚು ಆಳದ ಕಾಲುವೆ ನೆಲದಲ್ಲಿ ಕತ್ತರಿಸಬೇಕು. ಇಲ್ಲೂ ಪಾಯದ ತಳ ಮುಟ್ಟಬಾರದು. ನೂರು ಅಡಿಗೆ ಒಂದು ಅಡಿಯಂತೆ ಒಂದು ಮೂಲೆಗೆ ಇಳಿಜಾರು. ಅದರಲ್ಲಿ ತೂತು ಕೊರೆದ ಮೂರು ಇಂಚಿನ ಪೈಪಿಗೆ ಫಿಲ್ಟರ್ ಬಟ್ಟೆ ಸುತ್ತಿ ಇಟ್ಟು, ಸುತ್ತ ತೊಳೆದ 20 ಮಿಲಿಮೀಟರ್ ಜಲ್ಲಿ ತುಂಬಿ. ಜಲ್ಲಿ ತೊಳೆಯದಿದ್ದರೆ ಅದರ ಪುಡಿಯೇ ಪೈಪು ಕಟ್ಟುತ್ತದೆ. ಮೂಲೆಯಲ್ಲಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ. ಅದರಲ್ಲಿ ಫ್ಲೋಟ್ ಸ್ವಿಚ್ ಇರುವ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪು. ನೀರು ಏರಿದಾಗ ತಾನೇ ಆನ್ ಆಗುತ್ತದೆ, ಇಳಿದಾಗ ನಿಲ್ಲುತ್ತದೆ. ಹೊರಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಇಲ್ಲದಿದ್ದರೆ ಪಂಪು ನಿಂತ ಕೂಡಲೇ ಪೈಪಿನ ನೀರು ವಾಪಸ್ ಇಳಿದು ಫ್ಲೋಟ್ ಮತ್ತೆ ಎದ್ದು, ಪಂಪು ರಾತ್ರಿಯೆಲ್ಲ ಬಿಕ್ಕಳಿಸುತ್ತದೆ.

ಮಳೆ ಜೋರಾದಾಗಲೇ ಕರೆಂಟ್ ಹೋಗುವ ಊರು ನಮ್ಮದು. ಪಂಪನ್ನು ಯುಪಿಎಸ್‌ಗೆ ಕೊಡಿ. ಆ ಯುಪಿಎಸ್ ಅರ್ಧ ಎಚ್‌ಪಿ ಮೋಟರ್ ಶುರುವಾಗುವಾಗಿನ ಜಗ್ಗಾಟ ತಡೆಯುತ್ತದಾ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿಯೇ ಕೊಡಿ.

ನೆಲ ಪೂರ್ತಿ ಹೊಸದು ಮಾಡುವುದಾದರೆ ಹಳೆಯದನ್ನು ಒಡೆದು, ನಾಲ್ಕು ಇಂಚು ಜಲ್ಲಿ, ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಹಾಳೆಗಳು ಒಂದರ ಮೇಲೊಂದು ಆರು ಇಂಚು ಕೂಡಬೇಕು. ಕಾಂಕ್ರೀಟ್ ಸುರಿಯುವವರು ಬಾಂಡ್ಲಿ ಎಳೆದು ಹಾಳೆ ಹರಿಯುತ್ತಾರೆ. ಆ ದಿನ ರಜೆ ಹಾಕಿ ಪಕ್ಕದಲ್ಲೇ ನಿಲ್ಲಿ. ಮೇಲೆ ವಿಟ್ರಿಫೈಡ್ ಟೈಲ್ಸ್ ಆದೀತು, ರೆಡ್ ಆಕ್ಸೈಡ್ ಆದೀತು. ಮರದ ನೆಲ ಬೇಡ.

ಗಾಳಿ ಮತ್ತು ಕರೆಂಟು

ಕಿಟಕಿ ಯಾವಾಗಲೂ ತೆರೆದಿಟ್ಟರೆ ಒಣಗುತ್ತದೆ ಎನ್ನುವುದು ಅರ್ಧ ಸತ್ಯ. ಮಳೆ ಬೀಳುತ್ತಿರುವಾಗ ತೆರೆದರೆ ತೇವದ ಗಾಳಿಯನ್ನೇ ಒಳಗೆ ಕರೆದಂತೆ. ತೇವ ತೋರಿಸುವ ಚಿಕ್ಕ ಮೀಟರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದನ್ನು ಸೆಲ್ಲಾರ್‌ನಲ್ಲಿ ತೂಗುಹಾಕಿ. ಶೇಕಡಾ 60ರ ಕೆಳಗೆ ಇದ್ದರೆ ಚಿಂತೆಯಿಲ್ಲ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಗ್ಯಾರಂಟಿ. ಒಣ ದಿನಗಳಲ್ಲಿ ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಓಡಿಸಿ. ಹಸಿ ದಿನಗಳಲ್ಲಿ ಮುಚ್ಚಿ, ಬೇಕಾದರೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಹಾಕಿ. ಮೂಲೆಯಲ್ಲಿ ಕಲ್ಲುಪ್ಪಿನ ಬಟ್ಟಲು ಇಡಿ ಎಂಬ ವಾಟ್ಸಾಪ್ ಸಲಹೆ ನನಗೂ ಬಂದಿತ್ತು. ಬೀರುವಿನ ಒಳಗಾದರೆ ಏನೋ ಸ್ವಲ್ಪ. ಇಡೀ ಕೋಣೆಗೆ ಅದು ಸಾಗರಕ್ಕೆ ಚಮಚ.

ಇಲ್ಲಿ ಸ್ವಲ್ಪ ಗಂಭೀರವಾಗಿ ಓದಿ. 2025ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆ ಕಡೆ ಅಪಾರ್ಟ್‌ಮೆಂಟ್ ಒಂದರ ಬೇಸ್ಮೆಂಟಿಗೆ ನುಗ್ಗಿದ ನೀರನ್ನು ಪಂಪ್ ಮಾಡಲು ಹೋಗಿ ಕರೆಂಟ್ ಹೊಡೆದು ಇಬ್ಬರು ಸತ್ತರು. ಅವರಲ್ಲಿ ಒಬ್ಬ ಇನ್ನೂ ಹುಡುಗ. ಆದ್ದರಿಂದ ಸೆಲ್ಲಾರ್‌ನ ಸರ್ಕ್ಯೂಟ್ ಬೇರೆಯೇ ಇರಲಿ. ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ ಇರಲಿ. ಸ್ವಿಚ್ಚು ಮತ್ತು ಸಾಕೆಟ್ ನೆಲದಿಂದ ನಾಲ್ಕು ಅಡಿ ಮೇಲೆ. ಮೇನ್ ಸ್ವಿಚ್ ಸೆಲ್ಲಾರ್‌ನಲ್ಲಿ ಇರಲೇಬಾರದು. ನೀರು ನಿಂತಿದ್ದರೆ ಮೇಲಿನಿಂದ ಕರೆಂಟ್ ತೆಗೆಯದೆ ಕಾಲಿಡಬೇಡಿ.

ಪೆಟ್ರೋಲ್ ಪಂಪನ್ನು, ಜನರೇಟರನ್ನು ಸೆಲ್ಲಾರ್‌ನೊಳಗೆ ಓಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನಮ್ಮ ಉತ್ತರ ಕರ್ನಾಟಕದ ಹಗೇವು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜೋಳ ತುಂಬಿಟ್ಟ ಆ ನೆಲಗುಂಡಿಯ ಬಾಯಿ ತೆರೆದ ಕೂಡಲೇ ಹಳಬರು ಯಾರನ್ನೂ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ನೆಲದಡಿಯ ಗಾಳಿಯನ್ನು ನಂಬಬಾರದು ಎಂದು ಅವರಿಗೆ ಗೊತ್ತಿತ್ತು.

ಕೆಲಸ ಚೆನ್ನಾಗಿ ಆಯಿತು, ಈಗ ಬೆಡ್‌ರೂಮ್ ಮಾಡೋಣ, ಬಾಡಿಗೆಗೆ ಕೊಡೋಣ ಎನ್ನುವ ಆಸೆ ಬರುತ್ತದೆ. ನನಗೂ ಬಂತು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರಿನ ಬೇಸ್ಮೆಂಟಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಅಲ್ಲಿ ಲೈಬ್ರರಿ ನಡೆಸುತ್ತಿದ್ದರು, ಅನುಮತಿ ಇದ್ದದ್ದು ಬೇರೆ ಬಳಕೆಗೆ. ನಿಮ್ಮ ಪ್ಲಾನ್ ಸ್ಯಾಂಕ್ಷನ್‌ನಲ್ಲಿ ಆ ಕೋಣೆಗೆ ಏನೆಂದು ಬರೆದಿದೆ ತೆಗೆದು ನೋಡಿ. ರಸ್ತೆಯ ಮೋರಿಗಿಂತ ನಿಮ್ಮ ಸೆಲ್ಲಾರ್ ನೆಲ ಕೆಳಗಿದ್ದರೆ ಅಲ್ಲಿ ಯಾರೂ ಮಲಗಬಾರದು, ಟಾಯ್ಲೆಟ್ಟೂ ಬೇಡ. ಇದು ನನ್ನ ಅಭಿಪ್ರಾಯ, ಇದರಲ್ಲಿ ರಾಜಿ ಇಲ್ಲ.

ಸಾಮಾನು ವಾಪಸ್ ಇಡುವಾಗ

ಮೊದಲ ಮಳೆಗಾಲ ದಾಟುವವರೆಗೆ ಕೋಣೆ ಖಾಲಿ ಇರಲಿ. ಆಮೇಲೆ ಕಬ್ಬಿಣದ ಅಥವಾ ಸ್ಟೀಲ್ ರ‍್ಯಾಕ್, ಗೋಡೆಯಿಂದ ಮೂರು ಇಂಚು ಬಿಟ್ಟು, ಕೆಳಗಿನ ಹಲಗೆ ನೆಲದಿಂದ ಒಂದು ಅಡಿ ಮೇಲೆ. ಪ್ಲೈವುಡ್ ಬೀರು ಬೇಡ. ರಟ್ಟಿನ ಪೆಟ್ಟಿಗೆ ಬೇಡ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಸಾಕು. ಪುಸ್ತಕ, ರೇಷ್ಮೆ ಸೀರೆ, ಅಕ್ಕಿ ಮೂಟೆ, ಆಸ್ತಿ ಪತ್ರ ಇವು ನಾಲ್ಕೂ ಮೇಲಿನ ಮನೆಯಲ್ಲೇ ಇರಲಿ. ಗೊಂಬೆಗಳು ಕೂಡ ಈಗ ಮೇಲಿನ ಅಟ್ಟದಲ್ಲಿವೆ. ಅಮ್ಮನಿಗೆ ಸೆಲ್ಲಾರ್ ಮೇಲೆ ಇನ್ನೂ ನಂಬಿಕೆ ಬಂದಿಲ್ಲ.

ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ಮಳೆ ಶುರುವಾಗುವ ಮೊದಲು, ಮೂರು ಕೆಲಸ. ತಾರಸಿ ಹತ್ತಿ ಪೈಪಿನ ಬಾಯಿಯ ಎಲೆ ಕಸ ತೆಗೆಯಿರಿ. ಅಂಗಳದ ಸೀಲಂಟ್ ಎಲ್ಲಾದರೂ ಬಿಟ್ಟಿದೆಯಾ ಬೆರಳಿನಿಂದ ಒತ್ತಿ ನೋಡಿ. ಪಂಪಿನ ಗುಂಡಿಗೆ ನಾಲ್ಕು ಬಕೆಟ್ ನೀರು ಸುರಿದು ಫ್ಲೋಟ್ ಏಳುತ್ತದಾ, ನೀರು ರಸ್ತೆ ಬದಿಯ ಚರಂಡಿಗೇ ಬೀಳುತ್ತದಾ, ಹೊರಗೆ ಒಬ್ಬರನ್ನು ನಿಲ್ಲಿಸಿ ಕೂಗಿ ಕೇಳಿ.